ಎಂಜಿಬಿ ಕೊಳ್ಳುವ ಮುಂಚೆ: ಶಶಾಂಕನಿಗೆ ಮಾವನ ಕಾಗದ

ಚಿ. ಶಶಾಂಕನಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮೊನ್ನೆ ನಿಮ್ಮಮ್ಮ ಹಾಸನದಿಂದ ಫೋನ್ ಮಾಡಿ, "ಅಣ್ಣಾ, ಇವನು ಐವತ್ತು ವರ್ಷದ ಹಳೇ ಕಾರು ತಗೋತಾನಂತೆ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳು" ಅಂದಳು. ಹೇಳುತ್ತೇನೆ. ಆದರೆ ಬೇಡ ಅಂತ ಹೇಳುವುದಿಲ್ಲ. ಎಂಜಿಬಿ ಅಂದರೆ ಎಂಜಿ ಕಂಪನಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಒಳ್ಳೆಯ ಕಾರು ಕಣೋ. ಇಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ನನ್ನ ಕೈಗೆ ಬಂದ ಕಾರುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಸರಿಯಾದದ್ದು ಸಿಕ್ಕರೆ ನಿನ್ನ ಮಗಳು ದೊಡ್ಡವಳಾಗಿ ಓಡಿಸುವವರೆಗೂ ಬಾಳುತ್ತದೆ. ತಪ್ಪಾದದ್ದು ತಗೊಂಡರೆ ಮಾತ್ರ ಎಷ್ಟು ದುಡ್ಡು ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದಕ್ಕೇ ಇಷ್ಟು ಉದ್ದದ ಕಾಗದ.

ನೀನು ಕಳಿಸಿದ ಫೋಟೋ ನೋಡಿದೆ. ಕಡುಹಸಿರು ಬಣ್ಣ, ಕ್ರೋಮ್ ಬಂಪರ್, 1972ರ ರೋಡ್‌ಸ್ಟರ್, ಅಂದರೆ ಗಟ್ಟಿ ಛಾವಣಿ ಇಲ್ಲದ ತೆರೆದ ಮಾದರಿ. ಫೋಟೋದಲ್ಲಿ ಚೆನ್ನಾಗಿದೆ. "ಎಂಜಿನ್ ಸೌಂಡ್ ಸೂಪರ್ ಆಗಿದೆ ಮಾವ" ಅಂತ ಬರೆದಿದ್ದೀಯ. ಎಂಜಿನ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡ. ಹಾಸನದ ಮನೆಯಲ್ಲಿ ತಾತನ ಅಂಬಾಸಿಡರ್ ಇತ್ತಲ್ಲ, ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಈ ಕಾರಿನ 1798 ಸಿಸಿ ಎಂಜಿನ್ನೂ ಒಂದೇ ವಂಶದವು. ಎರಡೂ ಬಿಎಂಸಿ ಕಂಪನಿಯ ಬಿ-ಸೀರೀಸ್. ಗಟ್ಟಿ, ಸರಳ, ಸ್ಪ್ಯಾನರ್ ಹಿಡಿಯಲು ಬರುವ ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದು. ಕೆಟ್ಟರೆ ರಿಪೇರಿ ಮಾಡಿಸಬಹುದು, ಪೂರ್ತಿ ಹೋದರೆ ಬೇರೆ ಎಂಜಿನ್ ಕೂರಿಸಬಹುದು. ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್‌ಡನ್‌ನಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು. ಅದಕ್ಕೇ ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಬಿಡಿಭಾಗಗಳೂ ಹೊಸದಾಗಿ ಸಿಗುತ್ತವೆ.

ನೀನು ನೋಡಬೇಕಾದದ್ದು ಬಾಡಿಯನ್ನು. ಹಿಂದಿನ ಎಂಜಿಎ ಕಾರಿಗೆ ಬೇರೆ ಚಾಸಿಸ್ ಇತ್ತು, ಅದರ ಮೇಲೆ ಬಾಡಿ ಕೂತಿತ್ತು. ಎಂಜಿಬಿಗೆ ಹಾಗಿಲ್ಲ. ತಗಡಿನ ಬಾಡಿಯೇ ಇಡೀ ಕಾರಿನ ಭಾರ ಹೊರಬೇಕು. ಅದರಲ್ಲೂ ರೋಡ್‌ಸ್ಟರಿಗೆ ಮೇಲೆ ಛಾವಣಿಯ ಆಸರೆ ಇಲ್ಲ. ಹಾಗಾಗಿ ಬಾಗಿಲ ಕೆಳಗೆ ಎರಡೂ ಕಡೆ ಉದ್ದಕ್ಕೆ ಹೋಗುವ ಸಿಲ್‌ಗಳೇ ಈ ಕಾರಿನ ಬೆನ್ನುಮೂಳೆ. ಈ ದೇಶದಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಐವತ್ತು ವರ್ಷ ಸಿಲ್ ಒಳಗೆ ಸೇರಿಕೊಂಡರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕೆಟ್ಟ ಸಿಲ್ ಅಂದರೆ ದುಡ್ಡಿನ ಮಾತಷ್ಟೇ ಅಲ್ಲ. ಪಕ್ಕದಿಂದ ಯಾರಾದರೂ ಗುದ್ದಿದರೆ ನಿನಗೂ ಅವರಿಗೂ ಮಧ್ಯೆ ಇರುವುದು ಆ ತಗಡು ಮಾತ್ರ.

ಸಿಲ್ ಹೇಗೆ ನೋಡಬೇಕು ಅಂತ ವಿವರವಾಗಿ ಹೇಳುತ್ತೇನೆ, ಗಮನವಿಟ್ಟು ಓದು. ಅದು ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ನೇರವಾಗಿ ನಿಂತ ಇನ್ನೊಂದು. ಕೆಳಗೆ ಒಳಬದಿಯಲ್ಲಿ ಉದ್ದಕ್ಕೂ ಒಂದು ಟೊಳ್ಳು ಪಟ್ಟಿ, ಅದಕ್ಕೆ ಕ್ಯಾಸಲ್ ರೈಲ್ ಅನ್ನುತ್ತಾರೆ. ಬಾಗಿಲ ಕೆಳಗೆ ಕಾಣುವಷ್ಟಕ್ಕೇ ಸಿಲ್ ಮುಗಿಯುವುದಿಲ್ಲ, ಮುಂದಿನ ಹಿಂದಿನ ವಿಂಗ್‌ಗಳ, ಅಂದರೆ ಚಕ್ರದ ಮೇಲಿನ ಬಾಡಿ ತಗಡುಗಳ, ಒಳಗೂ ಹೋಗುತ್ತದೆ. ಸರಿಯಾಗಿ ಬದಲಿಸಬೇಕಾದರೆ ಮುಂದಿನ ವಿಂಗ್ ಬಿಚ್ಚಬೇಕು, ಹಿಂದಿನ ವಿಂಗಿನ ಕೆಳತುದಿ ಕತ್ತರಿಸಬೇಕು. ತುಂಬಾ ಕೆಲಸ. ಹಾಗಾಗಿ ಕೆಲವರು ಕೊಳೆತ ಸಿಲ್ ಮೇಲೆ ಹೊಸ ತಗಡು ಮುಚ್ಚಿ, ವೆಲ್ಡ್ ಮಾಡಿ, ಬಣ್ಣ ಹೊಡೆದುಬಿಡುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು. ಮಿರಮಿರ ಮಿಂಚುವ ಸ್ಟೀಲ್ ಕವರ್ ಹಾಕಿದ್ದರಂತೂ ಇನ್ನೂ ಹುಷಾರಾಗಿರು.

ಮೊದಲು ಮಂಡಿಯೂರಿ ಕೂತು ವಿಂಗಿನ ಕೆಳತುದಿ ಸಿಲ್‌ಗೆ ಸೇರುವ ಜಾಗ ನೋಡು. ಅಲ್ಲಿ ಒಂದು ಜೋಡಣೆಯ ಗೆರೆ ಕಾಣಬೇಕು. ಗೆರೆಯೇ ಇಲ್ಲದೆ ಎಲ್ಲಾ ನುಣ್ಣಗಿದ್ದರೆ ಪುಟ್ಟಿ ತುಂಬಿ ಮುಚ್ಚಿದ್ದಾರೆ ಅಂತಲೇ ಲೆಕ್ಕ. ಒಂದು ಚಿಕ್ಕ ಮ್ಯಾಗ್ನೆಟ್ ತಗೊಂಡು ಹೋಗು, ಬಣ್ಣಕ್ಕೆ ಗೀರು ಬೀಳದ ಹಾಗೆ ಬಟ್ಟೆ ಸುತ್ತಿರು. ಸಿಲ್ ಉದ್ದಕ್ಕೂ, ಚಕ್ರದ ಕಮಾನಿನ ಸುತ್ತ, ವಿಂಗಿನ ಕೆಳಗೆ ನಿಧಾನಕ್ಕೆ ಇಡುತ್ತಾ ಹೋಗು. ತಗಡಿಗೆ ಗಪ್ ಅಂತ ಹಿಡಿಯುತ್ತದೆ, ಪುಟ್ಟಿಗೆ ಹಿಡಿಯುವುದಿಲ್ಲ. ನಮ್ಮ ಬೀದಿಯವರೊಬ್ಬರ ಜೊತೆ ಒಂದು ಕೆಂಪು ಎಂಜಿಬಿ ನೋಡಲು ಹೋಗಿದ್ದೆ. ಬಣ್ಣ ಕನ್ನಡಿಯಷ್ಟು ಚೆನ್ನಾಗಿತ್ತು. ಎಡಗಡೆ ಹಿಂದಿನ ಚಕ್ರದ ಮುಂದೆ ಮ್ಯಾಗ್ನೆಟ್ ಇಟ್ಟೆ, ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಸಲ ಇಟ್ಟೆ, ಮತ್ತೆ ಬಿತ್ತು. ಕಾರಿನವರು ಮಾತು ಬದಲಿಸಿ ಎಂಜಿನ್ ಸ್ಟಾರ್ಟ್ ಮಾಡಲು ಹೋದರು. ನಾವು ನಮಸ್ಕಾರ ಹೇಳಿ ಬಂದೆವು. ಬಾನೆಟ್ ಮೇಲೆ ಮಾತ್ರ ಹಿಡಿಯದಿದ್ದರೆ ಗಾಬರಿ ಬೇಡ. 1960ರ ದಶಕದ ಕಾರುಗಳಿಗೆ ಅಲ್ಯೂಮಿನಿಯಂ ಬಾನೆಟ್ ಇತ್ತು, ಕೆಲವರು ಅದನ್ನೇ ತಂದು ಹಾಕಿಸಿರುತ್ತಾರೆ.

ಆಮೇಲೆ ಬಾಗಿಲ ಸಂದು ನೋಡು. ಬಾಗಿಲಿನ ಹಿಂಬದಿಗೂ ವಿಂಗಿಗೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಜಗ್ಗಿದೆ. ಕಾರಿನವರ ಒಪ್ಪಿಗೆ ಕೇಳಿ, ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ಆ ಬದಿಯನ್ನು ಸ್ವಲ್ಪ ಎತ್ತಿಸು. ಬಾಗಿಲು ತೆಗೆದು ಹಾಕು. ಮುಂಚಿನ ಹಾಗೇ ಸಲೀಸಾಗಿ ಹಾಕಿಕೊಂಡರೆ ಒಳ್ಳೆಯದು. ಉಜ್ಜಿದರೆ, ಸಿಕ್ಕಿಕೊಂಡರೆ, ಜಾಕ್ ಪಾಯಿಂಟೇ ಒಳಗೆ ಹೋದರೆ, ಅಲ್ಲಿಗೆ ಮಾತು ಮುಗಿಯಿತು. ಬೆಲೆ ಇಳಿಸುತ್ತೀನಿ ಅಂದರೂ ಬೇಡ. ಇದೊಂದು ವಿಷಯದಲ್ಲಿ ನಾನು ಹೇಳಿದ್ದೇ ಕೇಳು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಅಪ್ಪಿತಪ್ಪಿಯೂ ನುಗ್ಗಬೇಡ.

ಸೀಟಿನ ಹಿಂದಿನ ಕಾರ್ಪೆಟ್ ಎತ್ತು. ಅದರಡಿ ಬ್ಯಾಟರಿಯ ಮುಚ್ಚಳ ಇರುತ್ತದೆ. 1974ರವರೆಗಿನ ಕಾರುಗಳಿಗೆ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿ, ಎರಡು ಡಬ್ಬಿ. ಆಸಿಡ್ ತೊಟ್ಟಿಕ್ಕಿ ಡಬ್ಬಿಗಳು ತೂತಾಗಿರುತ್ತವೆ. ಅದರ ಪಕ್ಕದಲ್ಲೇ ಹಿಂದಿನ ಪಟ್ಟಾ ಸ್ಪ್ರಿಂಗಿನ ಮುಂದಿನ ತುದಿ ಬಾಡಿಗೆ ಸೇರುತ್ತದೆ, ಅಲ್ಲೂ ಟಾರ್ಚ್ ಬಿಟ್ಟು ನೋಡು. ಕಾಲಿಡುವ ನೆಲದ ತಗಡನ್ನು ಮೇಲಿಂದ, ಕೆಳಗಿಂದ ಎರಡೂ ಕಡೆ ನೋಡು. ಮುಂದಿನ ವಿಂಗಿನ ಮೇಲ್ಭಾಗ, ಗಾಜಿನ ಹತ್ತಿರ, ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ಮಣ್ಣು ಕೂತು ಕೊಳೆಸಿದೆ ಅಂತ ಅರ್ಥ.

ಬಾಡಿ ಗಟ್ಟಿ ಅನ್ನಿಸಿದ ಮೇಲೆ ಎಂಜಿನ್ ಹತ್ತಿರ ಹೋಗು. ನೀನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿರು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡು. ಬಿಸಿಯಾಗಿದ್ದರೆ ಯಾಕೆ ಅಂತ ಕೇಳು. ತಣ್ಣಗಿದ್ದಾಗ ಚೋಕ್ ಎಳೆದು ಸೆಲ್ಫ್ ಹೊಡೆದರೆ ಹೆಚ್ಚು ಸತಾಯಿಸದೆ ಸ್ಟಾರ್ಟ್ ಆಗಬೇಕು. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಗೇಜ್ ಓಡುವಾಗ 50ಕ್ಕಿಂತ ಮೇಲೆ, ನಿಂತಾಗ 15ರಿಂದ 25ರ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. ಟ್ಯಾಪೆಟ್ ಟಿಕ್‌ಟಿಕ್ ಅನ್ನುವುದು ಇದರ ಹುಟ್ಟುಗುಣ. ಒಂದೆರಡು ಹನಿ ಆಯಿಲ್ ನೆಲಕ್ಕೆ ಬಿದ್ದರೂ ಪರವಾಗಿಲ್ಲ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ, ಅಥವಾ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ದಪ್ಪಗೆ ಕೂತಿದ್ದರೆ, ಎಂಜಿನ್ ಕೆಲಸದ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಸೀಸ ಇಲ್ಲದ ಪೆಟ್ರೋಲಿಗೆ ತಕ್ಕ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಅಂತಲೂ ಕೇಳು. ನೀನು ತಗೊಂಡ ಮೇಲೆ ಎಥನಾಲ್ ಕಡಿಮೆ ಇರುವ ಇ5 ಪೆಟ್ರೋಲನ್ನೇ ಹಾಕಿಸು. 2021ರಿಂದ ಇಲ್ಲಿನ ಬಂಕುಗಳಲ್ಲಿ ಮಾಮೂಲಿಯಾಗಿ ಸಿಗುವ, ಎಥನಾಲ್ ಜಾಸ್ತಿ ಇರುವ ಇ10 ಹಳೇ ರಬ್ಬರ್ ಪೈಪುಗಳನ್ನು ತಿಂದುಬಿಡುತ್ತದೆ.

ಓಡಿಸುವಾಗ ರೇಡಿಯೋ ಬಂದ್ ಇರಲಿ, ಕಾರಿನವರ ಮಾತೂ ಕಡಿಮೆ ಇರಲಿ. ಗೇರ್ ಇಳಿಸುವಾಗ ಕರಕರ ಅಂದರೆ ಗೇರುಗಳನ್ನು ಹೊಂದಿಸುವ ಸಿಂಕ್ರೋ ಸವೆದಿದೆ. ಓವರ್‌ಡ್ರೈವ್ (ಎಂಜಿನ್ ವೇಗ ಇಳಿಸುವ ಹೆಚ್ಚುವರಿ ಗೇರ್) ಇದೆ ಅಂತ ಬರೆದಿದ್ದಾರಲ್ಲ, ಮೂರು ಮತ್ತು ನಾಲ್ಕನೇ ಗೇರಿನಲ್ಲಿ ಸ್ವಿಚ್ ಹಾಕಿ ನೋಡು. ಆರ್‌ಪಿಎಂ ಮುಳ್ಳು ತಕ್ಷಣ ಇಳಿಯಬೇಕು. ಕೆಲಸ ಮಾಡದಿದ್ದರೆ "ಬರೀ ವೈರ್ ಹೋಗಿದೆ" ಅನ್ನುತ್ತಾರೆ. ನಿಜವೂ ಇರಬಹುದು. ಆದರೆ ಬೆಲೆ ಮಾತ್ರ ಓವರ್‌ಡ್ರೈವ್ ಇಲ್ಲದ ಕಾರಿನದೇ ಕೊಡು. ಫೋಟೋದಲ್ಲಿ ವೈರ್ ವೀಲ್ ಇದೆ. ಹೊರಡುವಾಗ, ಬ್ರೇಕ್ ಹಾಕುವಾಗ ಟಕ್ ಅಂದರೆ ಒಳಗಿನ ಹಲ್ಲು ಸವೆದಿದೆ. ಕಡ್ಡಿಗಳನ್ನು ಒಂದೊಂದಾಗಿ ಪೆನ್ನಿನಲ್ಲಿ ತಟ್ಟು, ಎಲ್ಲವೂ ಠಣ್ ಅನ್ನಬೇಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು. ಪ್ಲೇ ಇದ್ದರೆ ಕಿಂಗ್‌ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಅಥವಾ ಬೇರಿಂಗ್ ಸವೆದಿದೆ. ಕಿಂಗ್‌ಪಿನ್‌ಗೆ ಪ್ರತಿ 3,000 ಮೈಲಿಗೆ ಗ್ರೀಸ್ ಹೊಡೆಯಬೇಕು, ಯಾರೂ ಹೊಡೆಯುವುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ವಾರ ಮತ್ತು ವರ್ಷ. 1012 ಅಂತಿದ್ದರೆ 2012ರ ಹತ್ತನೇ ವಾರದ್ದು. ಅಷ್ಟು ಹಳೆಯ ಟೈರು ಸವೆಯದೆ ಹೊಸದರ ಹಾಗೆ ಕಂಡರೂ ಬದಲಿಸಲೇಬೇಕು.

ಇನ್ನು ಕಾಗದಪತ್ರ. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, 2018ರ ಮೇ ತಿಂಗಳಿಂದ ಎಂಒಟಿಯೂ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ವಾರ್ಷಿಕ ಪರೀಕ್ಷೆಯೂ, ಕಡ್ಡಾಯವಲ್ಲ. ಇದು ಅನುಕೂಲ ಅಂತ ನೀನು ಖುಷಿಪಟ್ಟಿದ್ದೀಯ. ನನಗೆ ಅದೇ ಭಯ. ಎಷ್ಟೋ ಕಾರುಗಳ ಅಡಿಭಾಗವನ್ನು ಆಗಿನಿಂದ ಬೇರೆ ಯಾರೂ ಕಣ್ಣಿಟ್ಟು ನೋಡಿಯೇ ಇಲ್ಲ. ಅದಕ್ಕೇ ಸರ್ಕಾರದ ವೆಬ್‌ಸೈಟಿನಲ್ಲಿ ರಿಜಿಸ್ಟ್ರೇಷನ್ ನಂಬರ್ ಹಾಕಿ ಹಳೆಯ ಎಂಒಟಿ ದಾಖಲೆ ತೆಗೆ. ಪುಕ್ಕಟೆ, 2005ರಿಂದ ಈಚೆಗಿನದು ಸಿಗುತ್ತದೆ. ತುಕ್ಕಿನ ಬಗ್ಗೆ ವರ್ಷವರ್ಷ ಬರೆದಿದ್ದು, ಆಮೇಲೆ ಪರೀಕ್ಷೆಯೇ ನಿಂತುಹೋಗಿದ್ದರೆ ಅನುಮಾನ ಪಡು. ಕೊಳ್ಳುವ ಮುಂಚೆ ಹೊಸದಾಗಿ ಎಂಒಟಿ ಮಾಡಿಸಿ, ಖರ್ಚು ನಾನೇ ಕೊಡುತ್ತೇನೆ ಅಂತ ಕೇಳು. ಒಳ್ಳೆಯ ಕಾರಿನವರು ಒಪ್ಪುತ್ತಾರೆ.

ಲಾಗ್ ಬುಕ್ಕಿನ (ಇಲ್ಲಿನ ರಿಜಿಸ್ಟ್ರೇಷನ್ ಪತ್ರದ) ಚಾಸಿಸ್ ನಂಬರನ್ನೂ ಕಾರಿನ ಪ್ಲೇಟಿನದನ್ನೂ ನೀನೇ ತಾಳೆ ನೋಡು. ಲಾಗ್ ಬುಕ್ಕಿನಲ್ಲಿ ಹೆಸರಿದ್ದ ಮಾತ್ರಕ್ಕೆ ಅವರೇ ಮಾಲೀಕರು ಅಂತಲ್ಲ. ಹಾಗಾಗಿ ಅವರು ಕೊಂಡ ರಸೀದಿ ಕೇಳು, ಸಾಲ ಬಾಕಿ ಇದೆಯಾ ಅಂತ ಚೆಕ್ ಮಾಡಿಸು. "ಪೂರ್ತಿ ರೆಸ್ಟೋರ್ ಮಾಡಿದ್ದು" ಅಂದರೆ ಕೆಲಸ ನಡೆಯುವಾಗಿನ ಫೋಟೋ, ಬಿಲ್ಲು ತೋರಿಸಲಿ. ಸಿಲ್ ಕತ್ತರಿಸಿದ ಫೋಟೋ ಒಂದಿದ್ದರೆ ಹೊಳೆಯುವ ಬಣ್ಣದ ಹತ್ತು ಫೋಟೋಗಿಂತ ಮೇಲು. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ಯಾವತ್ತು ತಯಾರಾಯಿತು, ಮೂಲ ಬಣ್ಣ ಯಾವುದು, ಯಾವ ದೇಶಕ್ಕೆ ಹೋಗಿತ್ತು ಎಲ್ಲಾ ಅದರಲ್ಲಿರುತ್ತದೆ. ಅಮೆರಿಕದ ಒಣ ಪ್ರದೇಶದಲ್ಲಿದ್ದು ವಾಪಸ್ ಬಂದ ಕಾರಾದರೆ ಬೇಡ ಅನ್ನಬೇಡ, ತುಕ್ಕು ಕಡಿಮೆ ಇರುತ್ತದೆ. ಸ್ಟಿಯರಿಂಗ್ ಬಲಕ್ಕೆ ಬದಲಿಸಿದ ಕೆಲಸ ನೀಟಾಗಿದೆಯಾ ಅಷ್ಟು ನೋಡು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ರೋಡ್‌ಸ್ಟರಿನಲ್ಲಿ ಮಗುವನ್ನು ಕೂರಿಸುವ ಹಿಂದಿನ ಸೀಟೇ ಇಲ್ಲ. ಭಾನುವಾರ ನೀವಿಬ್ಬರು ಹೋದರೆ ಅವಳೆಲ್ಲಿ? 1965ರಲ್ಲಿ ಬಂದ ಜಿಟಿ ಮಾದರಿಗೆ ಛಾವಣಿ ಇದೆ, ಹಿಂದೆ ಚಿಕ್ಕ ಸೀಟಿದೆ, ಬಾಡಿಯೂ ಗಟ್ಟಿ, ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಹಿಂದಿನ ಸೀಟಿಗೆ ಬೆಲ್ಟ್ ಸರಿಯಾಗಿ ಕೂರಿಸಿದ್ದಾರಾ ನೋಡಬೇಕು. ಒಂದು ಸಲ ಜಿಟಿಯನ್ನೂ ಓಡಿಸಿ ನೋಡು. ಯಾವುದೇ ಆದರೂ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ನಿನ್ನ ಈಗಿನ ಕಾರಿನ ಅಭ್ಯಾಸದಲ್ಲಿ ಬ್ರೇಕ್ ಹಾಕಿದರೆ ನಿಲ್ಲುವುದಿಲ್ಲ, ದೂರ ಬಿಟ್ಟು ಓಡಿಸಬೇಕು.

ಹಸಿರು ಕಾರಿನವರಿಗೆ ಅಡ್ವಾನ್ಸ್ ಈಗಲೇ ಕಳಿಸಬೇಡ. "ಇನ್ನೂ ಇಬ್ಬರು ಕೇಳಿದ್ದಾರೆ" ಅಂದರೆ ಕೇಳಲಿ ಬಿಡು. ಮಳೆ ಬರುವ ದಿನ, ಕತ್ತಲಾದ ಮೇಲೆ ನೋಡಲು ಹೋಗಬೇಡ, ಒದ್ದೆ ಬಣ್ಣದಲ್ಲಿ ಹುಳುಕು ಕಾಣುವುದಿಲ್ಲ. ರಿಜಿಸ್ಟ್ರೇಷನ್ ನಂಬರ್ ಇವತ್ತೇ ಕಳಿಸು, ಎಂಒಟಿ ದಾಖಲೆ ನಾನೂ ಓದುತ್ತೇನೆ. ಶನಿವಾರ ಬೆಳಿಗ್ಗೆ ಮಿಲ್ಟನ್ ಕೀನ್ಸ್‌ಗೆ ಬರುತ್ತೇನೆ, ಒಟ್ಟಿಗೆ ಹೋಗೋಣ. ಟಾರ್ಚು, ಜಾಕು, ನೆಲಕ್ಕೆ ಹಾಸಲು ಹಳೇ ಚಾಪೆ ನಾನು ತರುತ್ತೇನೆ. ನೀನು ಹಳೇ ಪ್ಯಾಂಟ್ ಹಾಕ್ಕೊಂಡು ರೆಡಿಯಾಗಿರು. ನಿಮ್ಮತ್ತೆ ಮಗುವಿಗೆ ಚಕ್ಕುಲಿ ಮಾಡಿಟ್ಟಿದ್ದಾಳೆ, ಅದನ್ನೂ ತರುತ್ತೇನೆ.

ಇಂತಿ,
ನಿನ್ನ ಪ್ರೀತಿಯ ಮಾವ
ಕೊವೆಂಟ್ರಿ