ಶನಿವಾರದ ಡ್ಯೂಕ್–ಕೆರೊಲಿನಾ ಪಂದ್ಯದ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ನಮ್ಮ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡವು ಎಸಿಸಿ (ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾಕೂಟವಾದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಬಾಸ್ಕೆಟ್‌ಬಾಲ್ ಪಂದ್ಯಕ್ಕಾಗಿ ಡರ್ಹಮ್‌ನ ಕ್ಯಾಮರನ್ ಒಳಾಂಗಣಕ್ಕೆ, ಅಂದರೆ ಎದುರಾಳಿ ಡ್ಯೂಕ್ ವಿಶ್ವವಿದ್ಯಾಲಯದ ತವರು ಕ್ರೀಡಾಂಗಣಕ್ಕೆ, ತೆರಳಲಿದೆ. 1940ರಲ್ಲಿ ಆರಂಭವಾದ ಆ ಕ್ರೀಡಾಂಗಣದಲ್ಲಿ 9,314 ಜನರಿಗಷ್ಟೇ ಸ್ಥಳವಿದ್ದರೂ, ಡ್ಯೂಕ್ ವಿದ್ಯಾರ್ಥಿಗಳು ಅಂಕಣದ ಗೆರೆಗೆ ತಾಗಿಕೊಂಡೇ ನಿಂತು ಕೂಗುವುದರಿಂದ, ಬದಿಯಿಂದ ಚೆಂಡನ್ನು ಒಳಗೆಸೆಯುವ ಆಟಗಾರನಿಗೆ ತನ್ನ ತರಬೇತುದಾರರ ಮಾತು ಕೇಳಿಸುವುದೇ ಕಷ್ಟ. ಆದ್ದರಿಂದ ಆರಂಭದ ನಿಮಿಷಗಳಲ್ಲಿ ಚೆಂಡನ್ನು ಕೈಬಿಡದಿರುವುದು ಮತ್ತು ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿದೊಡನೆ ಓಡುವುದು, ನನ್ನ ಅಭಿಪ್ರಾಯದಲ್ಲಿ, ಮೂರು ಅಂಕ ತರುವ ದೂರದ ಎಸೆತಗಳಿಗಿಂತ ಮುಖ್ಯ. 2022ರ ಮಾರ್ಚ್‌ನಲ್ಲಿ, ಡ್ಯೂಕ್ ತರಬೇತುದಾರ ‘ಕೋಚ್ ಕೆ’ (ಮೈಕ್ ಶಶೆಫ್ಸ್ಕಿ) ಅವರ ಕೊನೆಯ ತವರು ಪಂದ್ಯದಲ್ಲಿ, ನಾವು ಅಲ್ಲಿಯೇ 94–81ರಿಂದ ಗೆದ್ದಿದ್ದೆವು (ಡ್ಯೂಕ್ ಪಕ್ಷದ ಸದಸ್ಯರು ಮನ್ನಿಸಬೇಕು). ಈ ಶನಿವಾರದ ಪಂದ್ಯದ ವೇಳೆಗೆ ಬೆಂಗಳೂರಿನ ಸದಸ್ಯರಿಗೆ ಭಾನುವಾರದ ನಸುಕಾಗಿರುತ್ತದೆ, ಹಲವರು ರೆಕಾರ್ಡ್ ಮಾಡಿದ ಪಂದ್ಯವನ್ನು ಆಮೇಲೆ ನೋಡುವುದರಿಂದ, ಭಾನುವಾರ ಬೆಂಗಳೂರಿನ ಮಧ್ಯಾಹ್ನದವರೆಗೆ ಗುಂಪಿನಲ್ಲಿ ಫಲಿತಾಂಶವನ್ನು ಹಾಕಬಾರದೆಂದು ವಿನಂತಿ.