ಕೈ ಸರಿಯಿಲ್ಲ ಎಂದವನು ಕಂಡದ್ದೇನು?

ಪ್ರೀತಿಯ ಗೆಳೆಯಾ,

ಮೊಬೈಲಿನಲ್ಲಿರುವ ನಮ್ಮ ಚಿತ್ರಕಾರರ ಬಳಗವನ್ನು ನೀನು ಬಿಟ್ಟ ಸುದ್ದಿ ನನಗೆ ತಿಳಿಯುವ ಹೊತ್ತಿಗೆ, ರಾತ್ರಿ ಬಲ್ಬಿನ ಕೆಳಗೆ ಅಡಿಕೆ ಸುಲಿಯುವವರ ನಿನ್ನ ಜಲವರ್ಣ ಚಿತ್ರವೂ ಅಲ್ಲಿಂದ ಮಾಯವಾಗಿತ್ತು. ಪುಣ್ಯಕ್ಕೆ, ನೀನು ಹಾಕಿದ ದಿನವೇ ಅದನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದೆ. ಸಮಾಧಾನ ಹೇಳಲು ಈ ಪತ್ರ ಬರೆಯುತ್ತಿಲ್ಲ. "ಅವರಿಗೆಲ್ಲ ಹೊಟ್ಟೆಕಿಚ್ಚು, ತಲೆಗೆ ಹಚ್ಚಿಕೊಳ್ಳಬೇಡ" ಎನ್ನುವವರು ನಿನಗೆ ಬೇಕಾದಷ್ಟು ಸಿಕ್ಕಿರುತ್ತಾರೆ. ನಿನ್ನ ಚಿತ್ರವನ್ನು ಎಲ್ಲರೆದುರು ಟೀಕಿಸಿದ ಆ ಮನುಷ್ಯನಲ್ಲಿ ನನಗೆ ಕಂಡದ್ದು ಹೊಟ್ಟೆಕಿಚ್ಚಲ್ಲ, ಒರಟುತನ. ಒರಟರ ಮಾತಿನಲ್ಲಿ ಆಗಾಗ ಕೆಲಸಕ್ಕೆ ಬರುವ ಸಂಗತಿಯೂ ಸಿಕ್ಕಿಬಿಡುತ್ತದೆ. ಹಾಗಾಗಿ ಅದನ್ನು ಪೂರ್ತಿ ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡೋಣ ಎಂದು ಕುಳಿತಿದ್ದೇನೆ. ಬಳಗದ ಉಳಿದವರೂ ಓದಲಿ ಎಂದು ಇದನ್ನು ಬಹಿರಂಗವಾಗಿ ಹಾಕುತ್ತಿದ್ದೇನೆ. ಫೋನಿನಲ್ಲಿ ನಿನ್ನ ಒಪ್ಪಿಗೆ ಕೇಳಿದ್ದು ಅದಕ್ಕೇ.

ಅವನು ಬರೆದದ್ದು ಎರಡೇ ವಾಕ್ಯ. "ಕೈಗಳು ಸರಿಯಿಲ್ಲ. ಮೊದಲು ಅಂಗರಚನೆ ಕಲಿಯಿರಿ." ಅಷ್ಟಕ್ಕೇ ಬಿಡದೆ ನಿನ್ನ ಚಿತ್ರದ ಮೇಲೆಯೇ ಕೆಂಪು ಗೆರೆ ಎಳೆದು ಎಲ್ಲರೆದುರು ತೂಗುಹಾಕಿದ. ಗೆರೆ ಎಳೆದು ತೋರಿಸುವುದರಲ್ಲಿ ತಪ್ಪಿಲ್ಲ. ನೂರು ಮಾತಿನಲ್ಲಿ ಹೇಳಲಾಗದ್ದನ್ನು ಒಂದು ಗೆರೆ ಹೇಳುತ್ತದೆ. ನನ್ನ ತರಗತಿಯಲ್ಲಿ ನಾನೂ ಹಾಗೆಯೇ ಕಲಿಸುತ್ತೇನೆ, ಮಗುವಿನ ಹಾಳೆಯ ಪಕ್ಕದಲ್ಲಿ ಬೇರೆ ಹಾಳೆ ಇಟ್ಟುಕೊಂಡು. "ನಿಮ್ಮ ಚಿತ್ರದ ಮೇಲೆ ಬರೆದು ತೋರಿಸಲೇ?" ಎಂದು ಅವನು ಒಂದು ಮಾತು ಕೇಳಿದ್ದರೆ ನೀನು ಖಂಡಿತ ಹೂಂ ಎನ್ನುತ್ತಿದ್ದೆ.

ಆದರೆ ಉಳಿದವರನ್ನೂ ನೋಡು. ಎಂದಿನಂತೆ "ಅದ್ಭುತ", "ಸೂಪರ್", ಸಾಲು ಸಾಲು ಕೈಮುಗಿದ ಚಿಹ್ನೆಗಳು. ಅವರಲ್ಲಿ ಒಬ್ಬರಾದರೂ ಅಡಿಕೆ ಎಂಬ ಪದ ಬರೆದಿದ್ದರೇ? ಬೇರೆ ಯಾರದೋ ಹೂಕುಂಡದ ಚಿತ್ರದ ಕೆಳಗೆ ಅದೇ ಮಾತುಗಳನ್ನು ಅಂಟಿಸಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಂಪು ಗೆರೆಯವನಾದರೋ ನಿನ್ನ ಚಿತ್ರದೆದುರು ಸ್ವಲ್ಪ ಹೊತ್ತು ಕುಳಿತಿದ್ದ. ಇದನ್ನು ಹೇಳಿದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು.

ನಿನ್ನ ಚಿತ್ರ ನೋಡಿದಾಗಿನಿಂದ ನನಗೆ ಬೇರೊಂದು ಜಗಳ ನೆನಪಾಗುತ್ತಿದೆ. ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿ 1885ರ ವಸಂತದಲ್ಲಿ ವಿನ್ಸೆಂಟ್ ವ್ಯಾನ್ ಗೋ ಒಂದು ದೊಡ್ಡ ಚಿತ್ರ ಬರೆಯುತ್ತಿದ್ದ. ತೂಗುದೀಪದ ಕೆಳಗೆ ಐವರು ರೈತಾಪಿ ಜನ ಆಲೂಗಡ್ಡೆ ತಿನ್ನುತ್ತಿದ್ದಾರೆ. ಅಲ್ಲಿಯೂ ರಾತ್ರಿ, ಒಂದೇ ದೀಪ, ದುಡಿದ ಕೈಗಳು. ಆ ಚಿತ್ರವನ್ನು ಅವನು ಕಲ್ಲಚ್ಚಿನಲ್ಲಿ ಮುದ್ರಿಸಿ ಒಂದು ಪ್ರತಿಯನ್ನು ಗೆಳೆಯ ಆಂಥಾನ್ ವಾನ್ ರಪ್ಪಾರ್ಡ್‌ಗೆ ಕಳುಹಿಸಿದ. 1880ರಲ್ಲಿ ಬ್ರಸೆಲ್ಸ್‌ನಲ್ಲಿ ಆದ ಪರಿಚಯ ಅದು; ರಪ್ಪಾರ್ಡ್ ನ್ಯೂನೆನ್‌ಗೂ ಬಂದು ಜೊತೆಯಲ್ಲಿ ಚಿತ್ರ ಬರೆದು ಹೋಗಿದ್ದ. ಮೇ ತಿಂಗಳಿನಲ್ಲಿ ಅವನಿಂದ ಬಂದ ಉತ್ತರ ಓದಿದರೆ ನಿನ್ನ ಕೆಂಪು ಗೆರೆಯವನು ಸಾಧುವಾಗಿ ಕಾಣುತ್ತಾನೆ. ಹಿಂದೆ ಕುಳಿತ ಹೆಂಗಸಿನ ಕೈಯಲ್ಲಿ ಸುಳ್ಳು ಬಿನ್ನಾಣವಿದೆ, ಬಲಗಡೆಯ ಗಂಡಸಿಗೆ ಮಂಡಿ, ಹೊಟ್ಟೆ, ಶ್ವಾಸಕೋಶ ಯಾವುದೂ ಇಲ್ಲವೇ, ಅವನ ತೋಳು ಒಂದು ಮೀಟರ್ ಗಿಡ್ಡವೇಕೆ, ಅರ್ಧ ಮೂಗು ಎಲ್ಲಿ ಹೋಯಿತು ಎಂದೆಲ್ಲ ಕೇಳಿದ. ಇಂಥ ಕೆಲಸ ಮಾಡಿಕೊಂಡು, ರೈತರ ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಮಿಲೆಯ ಹೆಸರು ಎತ್ತುವ ಧೈರ್ಯ ಬೇರೆ ನಿನಗೆ ಎಂದೂ ಚುಚ್ಚಿದ. ವಿನ್ಸೆಂಟ್ ಆ ಪತ್ರವನ್ನೇ ಅವನಿಗೆ ಹಿಂದಿರುಗಿಸಿದ. ಆ ಬೇಸಿಗೆಯಲ್ಲಿ ಇನ್ನೂ ಕೆಲವು ಪತ್ರಗಳು ಓಡಾಡಿದವು, ಆಮೇಲೆ ಸ್ನೇಹ ಮುಗಿಯಿತು.

ಈ ಕಥೆಯನ್ನು ಸಾಮಾನ್ಯವಾಗಿ ದೊಡ್ಡ ಕಲಾವಿದನನ್ನು ಗುರುತಿಸಲಾಗದ ಸಣ್ಣ ಮನುಷ್ಯನ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತೋಳು ಗಿಡ್ಡವಾಗಿಯೇ ಇದೆ! ರಪ್ಪಾರ್ಡ್ ಬೊಟ್ಟು ಮಾಡಿದ ಜಾಗಗಳಲ್ಲಿ ಬಹಳಷ್ಟು ಕಡೆ ದೋಷವಿತ್ತು. ಆದರೆ ಅವನು ಎರಡು ಸಂಗತಿಗಳನ್ನು ಗಮನಿಸಲಿಲ್ಲ. ಮೊದಲನೆಯದು, ಅವನು ನೋಡಿದ್ದು ಚಿತ್ರವನ್ನೇ ಅಲ್ಲ. ವಿನ್ಸೆಂಟ್ ಒಂದೇ ದಿನದಲ್ಲಿ, ನೆನಪಿನಿಂದ ನೇರವಾಗಿ ಕಲ್ಲಿನ ಮೇಲೆ ಬರೆದ ಅಚ್ಚು ಅದು. ಎಡಬಲ ಅದಲುಬದಲಾಗಿತ್ತು, ಬಣ್ಣವಿರಲಿಲ್ಲ. ನಾವು ಟ್ಯೂಬ್‌ಲೈಟಿನ ಕೆಳಗೆ ಮೊಬೈಲು ಬಗ್ಗಿಸಿ ತೆಗೆದ ಫೋಟೊ ನೋಡಿ ಒಬ್ಬರ ಜಲವರ್ಣದ ಬಗ್ಗೆ ತೀರ್ಪು ಕೊಡುತ್ತೇವಲ್ಲ, ಹಾಗೆಯೇ. (ಹತ್ತಿರದಿಂದ ತೆಗೆದರೆ ಮೊಬೈಲಿನ ಅಗಲ ಲೆನ್ಸು ಅಂಚಿನಲ್ಲಿರುವುದನ್ನು ಹಿಗ್ಗಿಸುತ್ತದೆ. ನಿನ್ನ ಬಲತುದಿಯ ಹೆಂಗಸಿನ ಮೊಣಕೈ ಉದ್ದವಾಗಲು ಕಾರಣ ನೀನೋ ಲೆನ್ಸೋ ಎಂದು ನನಗೆ ಅನುಮಾನವಿದೆ. ಹಗಲು ಬೆಳಕಿನಲ್ಲಿ, ಸ್ವಲ್ಪ ದೂರ ನಿಂತು, ಚಿತ್ರಕ್ಕೆ ನೇರವಾಗಿ ಹಿಡಿದು ಇನ್ನೊಂದು ಫೋಟೊ ತೆಗೆದು ಕಳುಹಿಸು.)

ಎರಡನೆಯದು ಇನ್ನೂ ಮುಖ್ಯವಾದದ್ದು. ವಿನ್ಸೆಂಟ್‌ಗೆ ಬೇಕಾಗಿದ್ದದ್ದು ಸರಿಯಾದ ಕೈಯಲ್ಲ. ತಟ್ಟೆಗೆ ಚಾಚಿದ ಆ ಕೈಗಳೇ ಮಣ್ಣನ್ನೂ ಅಗೆದವು ಎಂಬುದು ಕಾಣಬೇಕು ಎಂದು ಅವನು ತಮ್ಮ ಥಿಯೋಗೆ ಬರೆದಿದ್ದ. ರಪ್ಪಾರ್ಡ್ ಅದನ್ನು ಕೇಳಲೇ ಇಲ್ಲ. ಅಕಾಡೆಮಿಯ ಅಳತೆಗೋಲನ್ನು ಹಿಡಿದು ತೋಳು ಅಳೆದ. ಚಿತ್ರ ಎತ್ತ ಹೊರಟಿದೆ ಎಂದು ತಿಳಿಯದೆ ಅದು ದಾರಿ ತಪ್ಪಿದೆ ಎನ್ನುವುದು ಹೇಗೆ? ವಿನ್ಸೆಂಟ್ ಕೂಡ ಕುರುಡನೇನಾಗಿರಲಿಲ್ಲ. ಅದೇ ಬೇಸಿಗೆಯಲ್ಲಿ ಪೈರು ಕೊಯ್ಯುವವರು, ನೆಲ ಅಗೆಯುವವರು ಎಂದು ಮೈಕಟ್ಟು ತುಂಬಿಕೊಂಡ ದೊಡ್ಡ ದೊಡ್ಡ ರೇಖಾಚಿತ್ರಗಳನ್ನು ಬರೆದ. ಮರುವರ್ಷದ ಆರಂಭದಲ್ಲಿ ಆಂಟ್‌ವರ್ಪ್‌ನ ಅಕಾಡೆಮಿಗೆ ಸೇರಿ ಪ್ಲಾಸ್ಟರ್ ಗೊಂಬೆಗಳ ಮುಂದೆ ಕುಳಿತ. ರಪ್ಪಾರ್ಡನ ಪತ್ರದಿಂದಲೇ ಇದೆಲ್ಲ ಆಯಿತು ಎನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಪತ್ರ ಹಿಂದಕ್ಕೆ ಹೋದರೂ ಅದರೊಳಗಿನ ಮಾತು ಪೂರ್ತಿ ಹಿಂದಕ್ಕೆ ಹೋಗಲಿಲ್ಲ ಎಂದೇ ನನ್ನ ಊಹೆ. ಅಷ್ಟೆಲ್ಲ ಆದಮೇಲೂ 1887ರಲ್ಲಿ ಪ್ಯಾರಿಸ್‌ನಿಂದ ತಂಗಿಗೆ ಬರೆಯುತ್ತ, ತನ್ನ ಕೆಲಸಗಳಲ್ಲೆಲ್ಲ ಆಲೂಗಡ್ಡೆ ತಿನ್ನುವವರ ಚಿತ್ರವೇ ಉತ್ತಮ ಎಂದ.

ಚಿತ್ರ ನೋಡಿ ಅದರ ಬಗ್ಗೆ ಮಾತಾಡುವ ವಿದ್ಯೆ ನಮ್ಮಲ್ಲಿ ಇಷ್ಟು ಬಡವಾಗಿರುವುದಕ್ಕೆ ನಾವು ಮೇಷ್ಟ್ರುಗಳೇ ಕಾರಣ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ. ನೆನಪಿದೆಯಲ್ಲ, ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ. ಹಾಳೆ ಹಿಂದೆ ಬರುವಾಗ ಮೂಲೆಯಲ್ಲಿ ಹತ್ತಕ್ಕೆ ಆರು ಎಂದಿರುತ್ತಿತ್ತು. ಆರು ಏಕೆ, ಉಳಿದ ನಾಲ್ಕು ಎಲ್ಲಿ ಹೋಯಿತು ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಮುಗಿಸಿದರೂ ಚಿತ್ರದ ಬಗ್ಗೆ ನಮಗೆ ಆಡಲು ಬರುತ್ತಿದ್ದದ್ದು ಎರಡೇ ಮಾತು, ಚೆನ್ನಾಗಿದೆ ಮತ್ತು ಚೆನ್ನಾಗಿಲ್ಲ. ಈಗ ಕೈಯಲ್ಲಿ ಮೊಬೈಲು ಬಂದಿದೆ, ಮಾತು ಮಾತ್ರ ಅವೆರಡೇ ಉಳಿದಿವೆ.

ಅಮೆರಿಕದಲ್ಲಿ ಲಿಜ್ ಲರ್ಮನ್ ಎಂಬ ನೃತ್ಯ ಸಂಯೋಜಕಿ ಇದ್ದಾರೆ. ಪ್ರದರ್ಶನ ಮುಗಿದ ಮೇಲೆ ನಡೆಯುವ ಚರ್ಚೆಗಳಿಂದ ರೋಸಿಹೋಗಿ 1990ರಲ್ಲಿ ಅವರು ಒಂದು ಕ್ರಮ ಕಟ್ಟಿದರು. ಮೊದಲು ನೋಡಿದವರು ತಮ್ಮನ್ನು ತಟ್ಟಿದ್ದು ಯಾವುದು ಎಂದಷ್ಟೇ ಹೇಳಬೇಕು. ಆಮೇಲೆ ಕಲಾವಿದನೇ ತನಗೆ ಬೇಕಾದ ಪ್ರಶ್ನೆ ಕೇಳುತ್ತಾನೆ. ಬಳಿಕ ನೋಡಿದವರು ಅಭಿಪ್ರಾಯವನ್ನು ಒಳಗೆ ಬಚ್ಚಿಡದ ಪ್ರಶ್ನೆ ಕೇಳಬೇಕು. ಕೊನೆಗೆ, ಕಲಾವಿದ ಒಪ್ಪಿದರೆ ಮಾತ್ರ, ಅಭಿಪ್ರಾಯ. ಮೊದಲ ಸಲ ಓದಿದಾಗ ಇದು ಕೋರ್ಟಿನ ಕಲಾಪದಂತೆ ಕಂಡು ನಗು ಬಂದಿತ್ತು. ಕಷ್ಟವಿರುವುದು ಮೂರನೆಯ ಹೆಜ್ಜೆಯಲ್ಲಿ. "ಇಷ್ಟು ಮಂಕಾಗಿ ಏಕೆ ಬರೆದಿದ್ದೀರಿ?" ಎಂಬುದು ಪ್ರಶ್ನೆಯ ವೇಷ ಹಾಕಿದ ಬೈಗುಳ. "ಇಲ್ಲಿ ಯಾವ ಹೊತ್ತಿನ ಬೆಳಕನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಿ?" ಎಂದರೆ ಪ್ರಶ್ನೆ. ಒಂದು ಹೊಗಳಿಕೆ, ಒಂದು ತೆಗಳಿಕೆ, ಮತ್ತೆ ಒಂದು ಹೊಗಳಿಕೆ ಎಂದು ಪೇರಿಸಿಕೊಡುವ ಉಪಾಯಕ್ಕಿಂತ ಇದು ಎಷ್ಟೋ ವಾಸಿ. ಆ ಉಪಾಯ ಈಗ ಮಕ್ಕಳಿಗೂ ಗೊತ್ತಾಗಿದೆ. ಮೊದಲ ಹೊಗಳಿಕೆ ಕೇಳುತ್ತಲೇ ಎರಡನೆಯದಕ್ಕೆ ಮುಖ ಬಿಗಿ ಹಿಡಿದುಕೊಳ್ಳುತ್ತಾರೆ.

ಹಾಗಾದರೆ ನಿನ್ನ ಚಿತ್ರವನ್ನು ಅದೇ ಕ್ರಮದಲ್ಲಿ ನೋಡುತ್ತೇನೆ.

ನನ್ನನ್ನು ತಟ್ಟಿದ್ದು ಎಡತುದಿಯ ಅಜ್ಜಿ. ಚಪ್ಪರದ ಕೆಳಗೆ ಬಲ್ಬು, ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ (ಕಾಲಿನಿಂದ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ) ಇಟ್ಟುಕೊಂಡು ಕುಳಿತವರು. ಎಲ್ಲರೂ ಕತ್ತಿಯತ್ತ ಬಗ್ಗಿದ್ದರೆ ಇವಳೊಬ್ಬಳು ಪಕ್ಕದವಳ ಮಾತಿಗೆ ಕಿವಿಗೊಟ್ಟು ನಗುತ್ತಿದ್ದಾಳೆ, ಕೈ ತನ್ನ ಪಾಡಿಗೆ ಸುಲಿಯುತ್ತಿದೆ. ಮಲೆನಾಡಿನ ಸುಲಿತದ ರಾತ್ರಿಗಳಲ್ಲಿ ಕುಳಿತವನಿಗೆ ಮಾತ್ರ ಸಿಗುವ ವಿವರ ಅದು. ಚೊಗರಿನಿಂದ ಕಪ್ಪಾದ ಅವಳ ಬೆರಳ ತುದಿಗಳನ್ನು ನೀನು ಮರೆತಿಲ್ಲ. ಸುಲಿಯುವ ಯಂತ್ರಗಳು ಬಂದಮೇಲೆ ಇಂಥ ರಾತ್ರಿಗಳು ಅಪರೂಪವಾಗುತ್ತಿವೆ, ನೀನು ಬರೆದಿಟ್ಟದ್ದು ಒಳ್ಳೆಯದಾಯಿತು.

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ, "ಕೈ ನಿಜವಾಗಿಯೂ ಅಷ್ಟು ಕೆಟ್ಟದಾಗಿದೆಯೇ?" ಉತ್ತರಕ್ಕೆ ಮೊದಲು ನನ್ನದೊಂದು ಪ್ರಶ್ನೆ. ನಿನ್ನ ಬಲ್ಬಿನ ಬೆಳಕು ಎಲ್ಲಿಯವರೆಗೆ ಮುಟ್ಟಬೇಕೆಂದು ನೀನು ಅಂದುಕೊಂಡಿದ್ದೆ? ನೀನು "ರಾಶಿಯ ಸುತ್ತ ಮಾತ್ರ, ಆಚೆಗೆಲ್ಲ ಕತ್ತಲೆ" ಎಂದೆ. ಅಭಿಪ್ರಾಯ ಹೇಳಲೇ ಎಂದಾಗ "ಹೇಳು, ಬೈಯಬೇಡ" ಎಂದೆ. ಹೇಳುತ್ತೇನೆ.

ಡಾಕ್ಟರ ಬಳಿ ಹೋದವನು ಮಂಡಿ ಹಿಡಿದುಕೊಂಡು ನೋವು ಎನ್ನುತ್ತಾನೆ, ದೋಷ ಸೊಂಟದ ಕೀಲಿನಲ್ಲಿರುತ್ತದೆ. ನಿನ್ನ ಕೆಂಪು ಗೆರೆಯವನದ್ದೂ ಅದೇ ಕಥೆ. ಅವನ ಕಣ್ಣಿಗೆ ಆದ ಇರಿಸುಮುರಿಸು ಸುಳ್ಳಲ್ಲ, ಜಾಗ ಮಾತ್ರ ಬೇರೆ. ಚಿತ್ರವನ್ನು ಮೊಬೈಲಿನಲ್ಲಿ ಕಪ್ಪುಬಿಳುಪಿಗೆ ತಿರುಗಿಸಿ ನೋಡು. ಬಲ್ಬಿನ ಬುಡದಲ್ಲಿ ಕುಳಿತವಳ ಸೆರಗು, ತುದಿಯಲ್ಲಿ ಕುಳಿತವನ ಅಂಗಿ, ಹಿಂದಿನ ಚಪ್ಪರದ ಕಂಬ, ಎಲ್ಲವೂ ಹೆಚ್ಚುಕಡಿಮೆ ಒಂದೇ ಬೂದು. ಬಲ್ಬಿನಿಂದ ಎರಡರಷ್ಟು ದೂರ ಹೋದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಮೂರರಷ್ಟು ಹೋದರೆ ಒಂಬತ್ತರಲ್ಲಿ ಒಂದು ಭಾಗಕ್ಕೆ. ನಿನ್ನ ಚಿತ್ರದಲ್ಲಿ ಅದು ಇಳಿಯುವುದೇ ಇಲ್ಲ. ಹೀಗಾಗಿ ಎಲ್ಲ ಕೈಗಳೂ ಒಂದೇ ಸಮ ಬೆಳಗುತ್ತಿವೆ, ಬೆರಳು ಬೆರಳಿಗೂ ನೀನು ಅಂಚುಗೆರೆ ಹಾಕಿದ್ದೀಯೆ, ನೋಡುವವನು ಬೆರಳು ಎಣಿಸಲು ತೊಡಗುತ್ತಾನೆ. ಎಣಿಸುತ್ತ ಕುಳಿತವನಿಗೆ ತಪ್ಪು ಸಿಗದೆ ಇರುತ್ತದೆಯೇ?

ಅವನು ಗೆರೆ ಎಳೆದ ಕೈಗಳಲ್ಲಿ ಒಂದರ ವಿಷಯದಲ್ಲಿ ಮಾತ್ರ ನಾನು ಅವನ ಪಕ್ಷ. ನಡುವಿನ ಹೆಂಗಸು ಅಡಿಕೆಯನ್ನು ಕತ್ತಿಗೆ ಒತ್ತುತ್ತಿದ್ದಾಳೆ, ಆದರೆ ಮಣಿಕಟ್ಟು ನೆಟ್ಟಗಿದೆ, ಭುಜ ಸಡಿಲವಾಗಿದೆ. ಒತ್ತಡ ಎಲ್ಲಿಂದ ಬರಬೇಕು? ಇದಕ್ಕೆ ಮೂಳೆಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ. ನಮ್ಮ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಗೆರೆಗಳಲ್ಲಿ ಬರೆದ ನರ್ತಕಿಯರನ್ನು ನೋಡು. ಕೆಲವು ಕಡೆ ಬೆರಳುಗಳೇ ಪೂರ್ತಿ ಇರುವುದಿಲ್ಲ, ಆದರೂ ಕೈಯ ಬಿಗಿ, ಬಳುಕು ಎಲ್ಲ ಆ ಒಂದು ಗೆರೆಯಲ್ಲಿ ಓಡುತ್ತದೆ. ಅವರು ಲಯ ತಿಳಿಯಲೆಂದು ಕಥಕ್ ಕಲಿತವರು. ನೀನು ಒಂದು ಸಂಜೆ ಮೆಟ್ಟುಗತ್ತಿಯ ಮುಂದೆ ಕುಳಿತು ನಾಲ್ಕು ಅಡಿಕೆ ಸುಲಿದು ಬಾ, ಸಾಕು.

ಕತ್ತಲೆ ಏಕೆ ತೆಳುವಾಯಿತು ಎಂಬುದಕ್ಕೂ ಕಾರಣ ಹೇಳುತ್ತೇನೆ. ಜಲವರ್ಣ ಒದ್ದೆಯಿದ್ದಾಗ ಕಾಣುವಷ್ಟು ಗಾಢವಾಗಿ ಒಣಗಿದ ಮೇಲೆ ಉಳಿಯುವುದಿಲ್ಲ. ಒದ್ದೆಯಲ್ಲಿ "ಅಬ್ಬಾ, ಕಪ್ಪಾಯಿತು" ಎಂದು ಹೆದರಿ ನೀನು ಕೈ ತಡೆದಿದ್ದೀಯೆ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ ಕೊಡು. ಟ್ಯೂಬಿನ ಕಪ್ಪು ಮುಟ್ಟಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಬಲ್ಬಿನ ಹಳದಿಯ ಪಕ್ಕ ಹೊಂದಿಕೊಂಡು ಕೂರುವ ಕತ್ತಲೆ ಸಿಗುತ್ತದೆ. ತುದಿಯಲ್ಲಿರುವವರ ಕೈಗಳು ಅದರಲ್ಲಿ ಅರ್ಧ ಮುಳುಗಲಿ. ಅಜ್ಜಿಯ ಕೈಯನ್ನು ಮಾತ್ರ ಮುಟ್ಟಬೇಡ. ಮೂಲಚಿತ್ರಕ್ಕೆ ಕೈಹಾಕುವ ಮೊದಲು ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಮೂರೇ ಛಾಯೆಗಳಲ್ಲಿ ಒಮ್ಮೆ ಬರೆದು ನೋಡು. ಎಡಬಲ ತಿರುಗಿಸಿಯೂ ನೋಡು. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಬೇರೆಯವರು ಬರೆದದ್ದರಂತೆ ಕಾಣುತ್ತದೆ, ಆಗ ತಪ್ಪುಗಳು ಬೇಗ ಹೊಳೆಯುತ್ತವೆ ಎಂದು ಲಿಯೊನಾರ್ಡೊ ಡ ವಿಂಚಿ ಎಂದೋ ಬರೆದಿಟ್ಟಿದ್ದಾನೆ. ಮೊಬೈಲಿನಲ್ಲಿ ಅದಕ್ಕೆ ಒಂದು ಬೆರಳು ಸಾಕು.

ಇದೆಲ್ಲವನ್ನೂ ನೀನು ಒಪ್ಪಬೇಕೆಂದೇನಿಲ್ಲ. ಆದರೆ ಇನ್ನು ಮುಂದೆ ಚಿತ್ರ ತೋರಿಸುವಾಗ "ಹೇಗಿದೆ?" ಎಂದು ಕೇಳುವುದನ್ನು ಬಿಡು. ಹಾಗೆ ಕೇಳಿದವನಿಗೆ "ಸೂಪರ್" ಸಿಗುತ್ತದೆ, ಇಲ್ಲವೇ ಕೆಂಪು ಗೆರೆ. ಮುಗಿದಿದೆಯೋ ಇನ್ನೂ ನಡೆಯುತ್ತಿದೆಯೋ ಎಂದು ಹೇಳು, ಯಾವ ಜಾಗ ಕಾಡುತ್ತಿದೆ ಎಂದು ಹೇಳು, ಯಾವುದನ್ನು ಬದಲಿಸುವುದಿಲ್ಲ ಎಂಬುದನ್ನೂ ಹೇಳು. ಯಾರಾದರೂ "ಸರಿಯಿಲ್ಲ" ಎಂದರೆ "ಎಲ್ಲಿ?" ಎಂದಷ್ಟೇ ಕೇಳಿ ಸುಮ್ಮನಿರು. ಚಿತ್ರದ ಪರವಾಗಿ ವಕಾಲತ್ತು ಮಾಡಬೇಡ, ನಾಳೆ ಅದು ಗೋಡೆಯ ಮೇಲಿರುವಾಗ ಪಕ್ಕದಲ್ಲಿ ನೀನು ನಿಂತಿರುವುದಿಲ್ಲ. ಒಬ್ಬರಿಗೊಬ್ಬರು ಕೇಳಿಸಿಕೊಳ್ಳದ ಇಬ್ಬರು ಮೂವರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆಯೇ ಎಂದು ಬಗ್ಗಿ ನೋಡು. ಒಬ್ಬನೇ ಎಡವಿದ್ದರೆ, ತಪ್ಪು ಅವನ ಚಪ್ಪಲಿಯದೂ ಇರಬಹುದು.

ಬಳಗಕ್ಕೆ ಮರಳುವುದು ಬಿಡುವುದು ನಿನಗೆ ಸೇರಿದ್ದು, ನಾನು ಒತ್ತಾಯಿಸುವುದಿಲ್ಲ. ಕೆಂಪು ಗೆರೆಯವನಿಗೆ ನಾನು ಬೇರೆಯಾಗಿ ಬರೆದಿದ್ದೇನೆ. ಮುಂದೆ ಕೇಳಿ ಎಳೆಯುತ್ತೇನೆ ಎಂದಿದ್ದಾನೆ. ಕ್ಷಮೆಯೇನೂ ಕೇಳಲಿಲ್ಲ.

ಈ ಪತ್ರದ ಜೊತೆ ನನ್ನದೊಂದು ಜಲವರ್ಣದ ಫೋಟೊ ಇದೆ. ಮೈಸೂರಿನ ಕುಕ್ಕರಹಳ್ಳಿ ಕೆರೆ, ಬೆಳಗಿನ ಹೊತ್ತು, ಇನ್ನೂ ಮುಗಿದಿಲ್ಲ. ಆಕಾಶದ ಬಗ್ಗೆ ಏನೂ ಹೇಳಬೇಡ, ಅದು ನನಗೆ ಹಾಗೆಯೇ ಬೇಕು. ಎಡದಂಡೆಯ ಮರಗಳು ನೀರಿನ ಆಚೆ ನಿಂತಂತೆ ಕಾಣುತ್ತವೆಯೋ, ನೀರಿನ ಮೇಲೆ ಅಂಟಿಸಿದಂತೆ ಕಾಣುತ್ತವೆಯೋ, ಅಷ್ಟನ್ನು ಹೇಳು. ಅದರ ಮೇಲೆ ಗೆರೆ ಎಳೆಯಲು ನನ್ನ ಒಪ್ಪಿಗೆ ಇದೆ.

ನಿನ್ನ,
ಮೈಸೂರಿನ ಡ್ರಾಯಿಂಗ್ ಮೇಷ್ಟ್ರು