ತೈಲ ಕಂಪನಿಯ ನೌಕರಿ ಪಂಪಿನ ಬಿಸಿಲಿನಲ್ಲೇ ಶುರು

ಮಾನ್ಯ ಸಂಪಾದಕರೇ,

ತೈಲ ಕಂಪನಿಗಳು ನೇಮಕಾತಿಗೆ ಕರೆದಾಗಲೆಲ್ಲ ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಚರ್ಚೆಯಾಗುವುದು ಸಂಬಳ ಒಂದೇ. ಇಂಡಿಯನ್ ಆಯಿಲ್, ಎಚ್‌ಪಿಸಿಎಲ್, ಬಿಪಿಸಿಎಲ್‌ಗಳಲ್ಲಿ ಎಂಜಿನಿಯರ್ ಆಗಿ ಸೇರುವವರ ಮೂಲವೇತನ ಶ್ರೇಣಿ ₹50,000–1,60,000 ಇರುವುದು ನಿಜ. ಅದಕ್ಕೆ ಮಾಡಬೇಕಾದ ಕೆಲಸವೇನೆಂದು ಕೇಳುವವರು ಕಡಿಮೆ. ಎಲ್ಲರ ತಲೆಯಲ್ಲಿರುವುದು ರಿಫೈನರಿ. ಮಾರ್ಕೆಟಿಂಗ್ ವಿಭಾಗಕ್ಕೆ ಹೋದವರಿಗೆ ಸಿಗುವುದು ಒಂದು ಡಿಪೊ (ಇಂಧನ ಸಂಗ್ರಹಿಸಿಡುವ ಜಾಗ), ಇಲ್ಲವೇ ಕೆಲವು ತಾಲ್ಲೂಕುಗಳ ಪೆಟ್ರೋಲ್ ಪಂಪ್‌ಗಳ ಮಾರಾಟ, ತಪಾಸಣೆಯ ಹೊಣೆ.

ಪಂಪಿನ ತಪಾಸಣೆ ಸುಲಭದ್ದೆಂದು ಹೊಸಬರು ಅಂದುಕೊಳ್ಳುತ್ತಾರೆ. ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರ್ ಪಾತ್ರೆಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಮೊದಲು ಒಮ್ಮೆ ತುಂಬಿ ಬಸಿದು ಒಳಗೆ ಒದ್ದೆ ಮಾಡಿಕೊಂಡ ಮೇಲೆಯೇ ಅಳೆಯಬೇಕು. ಒಣ ಪಾತ್ರೆಯಲ್ಲಿ ಅಳೆದರೆ ಸರಿಯಿರುವ ನಾಜಲ್ (ಇಂಧನ ಸುರಿಯುವ ಕೊಳವೆ) ಕೂಡ ಕಡಿಮೆ ಕೊಟ್ಟಂತೆ ಕಾಣುತ್ತದೆ. ಡೀಸೆಲ್ ಆದರೆ ನೊರೆ ಇಳಿಯುವವರೆಗೆ ಕಾಯಬೇಕು. 25 ಮಿ.ಲೀ.ಗಿಂತ ಹೆಚ್ಚು ಕೊರತೆ ಬಂದರೆ ಆ ನಾಜಲ್ ಬಂದ್.

ಕಲಬೆರಕೆ ಪತ್ತೆಗೆ ನೋಡುವ ಸಾಂದ್ರತೆಯಲ್ಲಂತೂ ಎಡವುವವರೇ ಹೆಚ್ಚು. 500 ಮಿ.ಲೀ. ಜಾರಿನಲ್ಲಿ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಸಾಧನ), ಥರ್ಮಾಮೀಟರ್ ಇಟ್ಟು ಓದಿದ್ದನ್ನು ಕೋಷ್ಟಕ ನೋಡಿ 15 ಡಿಗ್ರಿಗೆ ಪರಿವರ್ತಿಸಿಕೊಳ್ಳಬೇಕು. ವಿಜಯಪುರದ 40 ಡಿಗ್ರಿ ಬಿಸಿಲಿನಲ್ಲಿ ಪೆಟ್ರೋಲಿನ ನೇರ ಓದು ಸುಮಾರು 20 ಅಂಕ (ಘನ ಮೀಟರಿಗೆ ಇಷ್ಟು ಕೆ.ಜಿ. ಎಂಬ ಲೆಕ್ಕದಲ್ಲಿ) ಕಡಿಮೆ ಬರುತ್ತದೆ. ಟ್ಯಾಂಕರ್ ಚಲನ್‌ನಲ್ಲಿರುವ ಸಾಂದ್ರತೆಗೂ ಪಂಪಿನದ್ದಕ್ಕೂ ಇರಬಹುದಾದ ವ್ಯತ್ಯಾಸ 3 ಅಂಕ ಮಾತ್ರ. ಪರಿವರ್ತನೆ ಮರೆತವನು ಶುದ್ಧ ಪೆಟ್ರೋಲನ್ನೇ ಕಲಬೆರಕೆ ಎಂದು ಬರೆದು ಬರುತ್ತಾನೆ!

ಖಾನಾಪುರ, ಬೆಳಗಾವಿ ಕಡೆ ಮಳೆಗಾಲದ ತಲೆನೋವು ನೀರು. ನಮ್ಮ ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಸೇರುತ್ತಿದೆ. ಮ್ಯಾನ್‌ಹೋಲ್ ಗುಂಡಿ ಅಥವಾ ಡಿಪ್ ಪೈಪಿನ (ಟ್ಯಾಂಕಿನ ಮಟ್ಟ ನೋಡಲು ಅಳತೆ ಕೋಲು ಇಳಿಸುವ ಕೊಳವೆ) ಸಡಿಲ ಮುಚ್ಚಳದಿಂದ ನೀರು ಇಳಿದರೆ ಮೊದಮೊದಲು ಎಥೆನಾಲ್ ಅದನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿತೆಂದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಅದು ಗಾಡಿಗೆ ಹೋದರೆ ಎಂಜಿನ್ ನಿಲ್ಲುತ್ತದೆ. ನೀರು ತಗುಲಿದರೆ ಬಣ್ಣ ಬದಲಿಸುವ ಹಳೆಯ ವಾಟರ್ ಪೇಸ್ಟ್ ಈ ಮಿಶ್ರಣಕ್ಕೆ ಸರಿಯಾಗಿ ಬಣ್ಣ ಬದಲಿಸುವುದಿಲ್ಲ. ಎಥೆನಾಲ್ ಪೆಟ್ರೋಲಿಗೆಂದೇ ಇರುವ ಪೇಸ್ಟನ್ನು ಡಿಪ್ ರಾಡಿಗೆ, ಅಂದರೆ ಆ ಅಳತೆ ಕೋಲಿಗೆ, ಹಚ್ಚಬೇಕು. ಮಳೆ ಬಿದ್ದ ದಿನ ಬೆಳಿಗ್ಗೆ ಒಮ್ಮೆ, ಟ್ಯಾಂಕರ್ ಇಳಿಸುವ ಮುಂಚೆ ಇನ್ನೊಮ್ಮೆ. ಪೇಸ್ಟಿನ ಖರ್ಚು ಉಳಿಸಲು ಹೋಗುವ ಡೀಲರ್‌ಗಳಿದ್ದಾರೆ, ಅದನ್ನು ಕಂಡೂ ಸುಮ್ಮನಿರುವ ಅಧಿಕಾರಿಗಳೂ ಇದ್ದಾರೆ.

ಸುಮ್ಮನಿರಲು ಕಾರಣವುಂಟು. ಮಾರಾಟದ ಗುರಿ ಮುಟ್ಟಿಸಬೇಕಾದವನೂ ಅವನೇ, ತಪ್ಪು ಹಿಡಿಯಬೇಕಾದವನೂ ಅವನೇ. ಜಮಖಂಡಿ, ಮುಧೋಳ, ಅಥಣಿಯಲ್ಲಿ ಕಬ್ಬಿನ ಹಂಗಾಮು ಶುರುವಾಗಿ ಟ್ರ್ಯಾಕ್ಟರ್‌ಗಳು ಸಾಲು ನಿಂತಾಗ, ಹೆಚ್ಚು ಡೀಸೆಲ್ ಮಾರುವ ಪಂಪಿನ ನಾಜಲ್ ಮುಚ್ಚಿಸಲು ಗಟ್ಟಿತನ ಬೇಕು. ತಪಾಸಣೆಗೆ ಬೇರೆಯೇ ಸಿಬ್ಬಂದಿ ಇರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಮುಂದಿನದು ವರ್ಗಾವಣೆ, ಬಡ್ತಿಗಳ ದಾರಿ. ಕಂಪನಿಯ ಅಧ್ಯಕ್ಷರ ಹುದ್ದೆ ಬರೀ ಸೇವಾ ಹಿರಿತನಕ್ಕೆ ಒಲಿಯುವುದಿಲ್ಲ. ಸಾಮಾನ್ಯವಾಗಿ ಸಾರ್ವಜನಿಕ ಉದ್ಯಮಗಳ ಆಯ್ಕೆ ಮಂಡಳಿ ಸಂದರ್ಶಿಸಿ ಶಿಫಾರಸು ಮಾಡುತ್ತದೆ, ಸಂಪುಟದ ನೇಮಕಾತಿ ಸಮಿತಿ ಒಪ್ಪಬೇಕು. ಅಲ್ಲಿಗೆ ತಲುಪುವವರು ಬೆರಳೆಣಿಕೆಯಷ್ಟು. ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗದವರು ಅದನ್ನೇ ತೋರಿಸಿ ಆಸೆ ಹುಟ್ಟಿಸುವ ಬದಲು, ಕೊನೆಯ ವರ್ಷದವರನ್ನು ಅನುಮತಿ ಪಡೆದು ಒಂದು ದಿನ ಬೆಳಗಾವಿ ಬಳಿಯ ದೇಸೂರಿನ ಡಿಪೊಗೆ, ಒಂದು ದಿನ ಪಂಪಿಗೆ ಕರೆದೊಯ್ಯಲಿ.

ಗ್ರಾಹಕರಿಗೂ ಒಂದು ಮಾತು. ಪಂಪಿನ ಫಲಕದಲ್ಲಿ ಕಂಪನಿ ಅಧಿಕಾರಿಯ ಫೋನ್ ನಂಬರ್ ಇರಬೇಕು. ವರ್ಗವಾಗಿ ಹೋದವರದ್ದೇ ಉಳಿದಿದ್ದರೆ ಮ್ಯಾನೇಜರಿಗೆ ಹೇಳಿ ಬದಲಿಸಿರಿ. ಅಳತೆಯ ಬಗ್ಗೆ ಸಂಶಯ ಬಂದರೆ 5 ಲೀಟರ್ ಪಾತ್ರೆ ಕೇಳಿರಿ, ಅಳೆದು ತೋರಿಸಬೇಕಾದ್ದು ಅವರ ಕರ್ತವ್ಯ.

– ತೈಲ ಕಂಪನಿಯ ನಿವೃತ್ತ ಮಾರಾಟ ಅಧಿಕಾರಿ, ಬಾಗಲಕೋಟೆ